ರಸ್ತೆಗೆ ಕೈಯಿಲ್ಲ

ಮಾರ್ಚ್ 4, ಸೋಮವಾರ

ಮೈ ಉರಿಯುತ್ತಿದೆ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಗಂಡ ವಿಲ್ಫರ್ಡ್ ರೈಲು ಹಳಿ ಹಾಕುವ ಗ್ಯಾಂಗಿನ ಜೊತೆ ನೆಬ್ರಾಸ್ಕಾದಲ್ಲೆಲ್ಲೋ ಇದ್ದಾನೆ. ನಾಯಿಗೆ ಹೇಳಿದರೆ ಬಾಲ ಅಲ್ಲಾಡಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಣದ ಗ್ಯಾರೇಜಿನಲ್ಲಿ ಬಿದ್ದಿದ್ದ ನನ್ನ ಪಿಕಪ್ಪನ್ನು ಇವತ್ತು ಬಿಡಿಸಿಕೊಂಡು ಬಂದೆವು, ನಾನು ಮತ್ತು ಹ್ಯಾರಿಸನ್ ಅಣ್ಣ. ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ಸೋರುವುದು ನಿಂತಿದೆ, ಒಪ್ಪಿದೆ. ಆದರೆ ಹೆದ್ದಾರಿಗೆ ಬಂದು ಐವತ್ತು ಮೈಲಿ ವೇಗ ದಾಟಿದ್ದೇ ತಡ, ಕೂತ ಸೀಟಿನ ಅಡಿಯಲ್ಲಿ ಗಡಗಡ ಶುರುವಾಯಿತು. ಹಿಂದೆ ಕಟ್ಟಿದ್ದ ಖಾಲಿ ನೀರಿನ ಟ್ಯಾಂಕು ತಮಟೆ ಬಡಿದಂತೆ ಬಡಿದುಕೊಂಡಿತು. ವೇಗ ತಗ್ಗಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ ಅದೇ. ಗ್ಯಾರೇಜಿಗೆ ಬಿಡುವ ಮುಂಚೆ ಈ ನಡುಕ ಇರಲಿಲ್ಲ. ಇದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ನಾನು ಇದರಲ್ಲಿ ನೀರು ಹೊರುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ.

ಅಲ್ಲೇ ಗಾಡಿ ತಿರುಗಿಸಿ ಗ್ಯಾರೇಜಿಗೆ ವಾಪಸು ಹೋದೆವು. ಕೌಂಟರಿನಲ್ಲಿ ಡೇರನ್ ಎಂಬುವನಿದ್ದ, ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಫೋನಿನ ತುಂಡು. ಅಣ್ಣ ಹೇಳುವುದನ್ನು ಅರ್ಧ ಕೇಳಿಸಿಕೊಂಡು ನಕ್ಕ.

"ನೀವಿರೋ ಕಡೆ ರಸ್ತೆ ಹೆಂಗಿದೆ ಅಂತ ನಿಮಗೇ ಗೊತ್ತಲ್ಲ ಸರ್. ಮಣ್ಣು, ಗುಂಡಿ. ನಿಮ್ಮ ನವಾಹೋ ರಿಸರ್ವೇಶನ್ ಸೀಮೆಯಿಂದ ಬರೋ ಗಾಡಿ ಎಲ್ಲಾ ನಡುಗತ್ತೆ. ಇದು ರಸ್ತೆ ಕಾಯಿಲೆ, ಗಾಡಿದಲ್ಲ."

ಅಣ್ಣ ತಲೆಯಾಡಿಸಿದ. ತಲೆಯಾಡಿಸಿದ! ನಾನು ಗೋಡೆಯ ಮೇಲಿನ ಟೈರಿನ ಚಿತ್ರವನ್ನು ನೋಡುತ್ತ ನಿಂತಿದ್ದೆ.

ಹೇಳಬೇಕಾಗಿದ್ದದ್ದು ಇದು: ಅಲ್ಲಯ್ಯಾ, ನಾನು ತಿರುಗಿ ಬಂದದ್ದು ನಿನ್ನ ಅಂಗಡಿಯ ಎದುರಿನ ಡಾಂಬರು ಹೆದ್ದಾರಿಯಿಂದ. ಗಾಡಿಯ ಚಕ್ರ ನಮ್ಮ ಮಣ್ಣನ್ನು ಇನ್ನೂ ಮುಟ್ಟಿಯೇ ಇಲ್ಲ. ನಮ್ಮ ರಸ್ತೆಯ ಮೇಲೆ ಯಾಕೆ ಗೂಬೆ ಕೂರಿಸುತ್ತೀಯ? ಗುಂಡಿ ರಸ್ತೆಯಲ್ಲಿ ಗಾಡಿ ಕುಲುಕುತ್ತದೆ, ಅದು ಬೇರೆ. ಇದು ನಡುಕ. ಚಳಿಜ್ವರ ಬಂದವರ ನಡುಕ. ಈ ಎರಡರ ವ್ಯತ್ಯಾಸ ನಮ್ಮ ಕುರಿಗಳಿಗೂ ಗೊತ್ತು.

ಹೀಗೆಲ್ಲ ಹೇಳಬೇಕಿತ್ತು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಹೊಳೆಯಿತು.

ಮಾರ್ಚ್ 7, ಗುರುವಾರ

ಇವತ್ತು ನೀರಿನ ದಿನ. ಸಮುದಾಯ ಭವನದ ನಲ್ಲಿಯಲ್ಲಿ ಟ್ಯಾಂಕು ತುಂಬಿಸಿಕೊಂಡು ಹೊರಟೆ. ಅಜ್ಜಿಯ ತಂಗಿ ದೆಸ್ಬಾ ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಅವಳ ಮನೆಗೆ ನಲ್ಲಿಯೂ ಇಲ್ಲ, ಬಾವಿಯೂ ಇಲ್ಲ; ದಿಬ್ಬದ ಆಚೆಯ ಉಳಿದ ಮನೆಗಳಿಗೂ ಇಲ್ಲ. ನಾನು ಹೊತ್ತು ತಂದರೆ ಉಂಟು.

ಟ್ಯಾಂಕು ತುಂಬಿದಾಗ ನಡುಕ ಇನ್ನೂ ಜಾಸ್ತಿ. ಅಜ್ಜಿ ದವಡೆ ಹಿಡಿದುಕೊಂಡು ಕೂತಳು.

"ಏನೇ ಇದು? ನನ್ನ ಕಟ್ಟಿಸಿದ ಹಲ್ಲು ಬಾಯಿಂದ ಇಳಿದು ನಡ್ಕೊಂಡೇ ಮನೆಗೆ ಹೋಗತ್ತೆ ನೋಡು."

"ರಸ್ತೆ ಕಾಯಿಲೆಯಂತೆ ಅಜ್ಜಿ."

"ಯಾವ ಡಾಕ್ಟರು ಹೇಳಿದ್ದು?"

ಅವಳ ಹಿಂಡಿನಲ್ಲಿ ಮರಿ ಹಾಕುವ ಕಾಲ. ತಾಯಿ ಕುರಿಗಳಿಗೆ ನೀರು ಸಾಲದಿದ್ದರೆ ಹಾಲು ಬತ್ತುತ್ತದೆ, ಹಾಲು ಬತ್ತಿದರೆ ಮರಿಗಳ ಕಥೆ ಮುಗಿಯಿತು. ಈ ತಿಂಗಳು ಗಾಡಿ ಕೈ ಕೊಡುವಂತಿಲ್ಲ. ಅದನ್ನು ಆ ಡೇರನ್‌ಗೆ ಯಾರು ಹೇಳಬೇಕು? ಅವನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು.

ಮಾರ್ಚ್ 13, ಬುಧವಾರ

ಮತ್ತೆ ಗ್ಯಾರೇಜು, ಮತ್ತೆ ಅಣ್ಣನ ಜೊತೆ. ಗಂಡಸರು ಹೇಳಿದರೆ ಕೇಳುತ್ತಾರೆ ಎಂದು ವಿಲ್ಫರ್ಡ್ ಫೋನಿನಲ್ಲಿ ಹೇಳಿದ್ದ. ಡೇರನ್ ಕೇಳಿದ್ದೇನೋ ನಿಜ. "ಸರ್, ನಿಮ್ಮ ಗಾಡಿ" ಎಂದೇ ಮಾತು ಶುರು ಮಾಡಿದ.

"ಗಾಡಿ ಇವಳದ್ದು" ಅಂದ ಅಣ್ಣ.

"ಓಹೋ, ಮೇಡಂದಾ?" ಎಂದು ನನ್ನತ್ತ ಒಂದು ನಗೆ ಎಸೆದು ಮತ್ತೆ ಅಣ್ಣನ ಕಡೆಗೇ ತಿರುಗಿದ. "ಹಾಗಾದ್ರೆ ಚಕ್ರದ ಬ್ಯಾಲೆನ್ಸ್ ಮಾಡಿಸಿಬಿಡಿ ಸರ್, ನಾಲ್ಕಕ್ಕೂ."

ಮಾಡಿಸಿದೆವು. ದುಡ್ಡು ಕೊಟ್ಟದ್ದು ನಾನು, ರಸೀದಿಯಲ್ಲಿ ಹೆಸರು ಅಣ್ಣನದು. ಊರ ಗಡಿ ದಾಟಿ ವೇಗ ಏರಿಸುತ್ತಿದ್ದಂತೆ ಸೀಟು ನಡುಗತೊಡಗಿತು, ಒಂದಿಷ್ಟೂ ಕಡಿಮೆಯಿಲ್ಲ. ಅಣ್ಣ ಕಿಟಕಿಯಾಚೆ ನೋಡುತ್ತ, "ಸ್ವಲ್ಪ ಪರವಾಗಿಲ್ಲ ಅನ್ಸತ್ತೆ, ಅಲ್ವಾ?" ಎಂದ. ಅವನ ಟೋಪಿ ನಡುಕಕ್ಕೆ ಹಣೆಯವರೆಗೆ ಜಾರಿತ್ತು.

ಸಂಜೆ ವಿಲ್ಫರ್ಡ್‌ಗೆ ಎಲ್ಲ ಹೇಳಿದೆ.

"ಸುಮ್ನಿರೇ ಅರ್ಲೀನ್. ಅವರ ಜೊತೆ ಜಗಳ ಆಡಿ ಗೆದ್ದೋರು ಯಾರಿದ್ದಾರೆ? ನಿಧಾನಕ್ಕೆ ಓಡಿಸು."

ನಿಧಾನಕ್ಕೆ ಓಡಿಸಬೇಕಂತೆ. ನಾನು ಹುಟ್ಟಿದಾಗಿನಿಂದ ನಿಧಾನಕ್ಕೇ ಓಡಿಸುತ್ತಿದ್ದೇನೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಮೇಲಿನವಳು ನನ್ನ ರಜೆಯನ್ನು ಬೇರೆಯವರಿಗೆ ಕೊಟ್ಟಳು, ನಿಧಾನ. ಆಸ್ಪತ್ರೆಯಲ್ಲಿ ನನ್ನ ಸರದಿ ದಾಟಿಸಿ ಹಿಂದೆ ಬಂದವನನ್ನು ಕರೆದರು, ನಿಧಾನ. ಜಗತ್ತಿನಲ್ಲಿ ಯಾರಿಗೂ ಅವಸರವಿಲ್ಲ, ನಾನೊಬ್ಬಳು ದಾರಿ ಬಿಟ್ಟು ಪಕ್ಕಕ್ಕೆ ನಿಂತರೆ ಸಾಕು. ಬರೆಯುತ್ತಾ ಬರೆಯುತ್ತಾ ಪೆನ್ನಿನ ಮುಳ್ಳು ಹಾಳೆ ಹರಿಯುತ್ತಿದೆ. ನಿಲ್ಲಿಸುತ್ತೇನೆ.

ಮಾರ್ಚ್ 22, ಶುಕ್ರವಾರ

ಟ್ಯಾಂಕು ಬಿದ್ದುಹೋಯಿತು.

ನಡುಗಿ ನಡುಗಿ ಅದನ್ನು ಹಿಡಿದಿದ್ದ ಪಟ್ಟಿಯ ಬೋಲ್ಟು ಸಡಿಲವಾಗಿತ್ತು. ಮರಳು ಹಳ್ಳ ಇಳಿಯುವಾಗ ಕಿತ್ತುಕೊಂಡಿತು. ಟ್ಯಾಂಕು ಪಕ್ಕಕ್ಕೆ ಉರುಳಿ ಮುಚ್ಚಳ ತೆರೆದು ನೀರೆಲ್ಲ ಮರಳಿಗೆ. ನೋಡನೋಡುತ್ತಿದ್ದಂತೆ ಇಂಗಿತು. ಅಣ್ಣ ಹಿಂದೆಯೇ ತನ್ನ ಸಣ್ಣ ಗಾಡಿಯಲ್ಲಿ ಬರುತ್ತಿದ್ದ. ಇಬ್ಬರೂ ಸೇರಿ ಟ್ಯಾಂಕನ್ನು ಎತ್ತಿ ಹಗ್ಗದಲ್ಲಿ ಕಟ್ಟಿದೆವು. ಮತ್ತೆ ತುಂಬಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಜ್ಜಿಯ ಕುರಿಗಳು ಒಣಗಿದ ತೊಟ್ಟಿಯ ಸುತ್ತ ನಿಂತು ಅರಚುತ್ತಿದ್ದವು. ಹಿಂಡಿನ ಅತಿ ಚಿಕ್ಕ ಮರಿ ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಸುಸ್ತಾಗಿ ಮಲಗಿತ್ತು.

ಆಗ ನಾನು ಕೂಗಾಡಿದೆ. ಅಣ್ಣನ ಮೇಲೆ.

"ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಕೊಂಡು ಬಂದೆಯಲ್ಲ, ಈಗ ನೋಡು! ನಿನಗೆ ಬಾಯಿ ಇರಲಿಲ್ವಾ?"

"ನಿನಗಿತ್ತಾ?" ಎಂದ ಅಣ್ಣ. ಮೆಲ್ಲಗೇ ಅಂದ. "ಗಾಡಿ ನಿನ್ನದು, ಬಾಯಿ ನನ್ನದು ಬೇಕಾ? ಇನ್ಮೇಲೆ ನೀನೇ ಹೋಗು."

ತನ್ನ ಗಾಡಿಯ ಬಾಗಿಲು ಹಾಕಿಕೊಂಡು ಹೊರಟುಹೋದ. ಅವನು ಹೇಳಿದ್ದು ಸುಳ್ಳೆಂದು ಬರೆಯಬೇಕು ಅನ್ನಿಸುತ್ತಿದೆ. ಪದ ಸಿಗುತ್ತಿಲ್ಲ.

ಮಾರ್ಚ್ 27, ಬುಧವಾರ

ಸರಿ, ನಾನೇ ನೋಡುತ್ತೇನೆ. ಗಾಡಿ ಬಿಚ್ಚುವವಳಲ್ಲದಿದ್ದರೂ ಓಡಿಸುವವಳಲ್ಲವೇ ನಾನು?

ಬೆಳಿಗ್ಗೆ ಹೆದ್ದಾರಿಗೆ ಹೋದೆ. ಚಿಕ್ಕಮ್ಮನ ಮಗಳು ವರ್ನಾ ಜೊತೆಗೆ ಬಂದಳು. ಅರವತ್ತರ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದೆ. ಎಂಜಿನ್ನಿನ ಸದ್ದು ತಗ್ಗಿತು, ಗಾಡಿ ತನ್ನಷ್ಟಕ್ಕೆ ಉರುಳುತ್ತಿತ್ತು, ನಡುಕ ಮಾತ್ರ ಹಾಗೆಯೇ. ಅಂದರೆ ಎಂಜಿನ್ನಿನದಲ್ಲ. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದೆವು. ವರ್ನಾ ಬಿಚ್ಚಿಟ್ಟ ಚಕ್ರದ ಮೇಲೆ ಕೂತು ನನಗೆ ಧೈರ್ಯ ಹೇಳಿದಳು, ಅಷ್ಟೇ ಅವಳ ಕೆಲಸ. ನಡುಕ ಕದಲಲಿಲ್ಲ. ಅಂದರೆ ಚಕ್ರದ್ದಲ್ಲ. ಸ್ಟೀರಿಂಗ್ ಹಿಡಿದ ಕೈ ನೆಮ್ಮದಿಯಾಗಿದೆ, ಸೀಟಿನ ಮೇಲಿನ ಸೊಂಟ ನಡುಗುತ್ತಿದೆ. ಅಂದರೆ ಮುಂದಿನದಲ್ಲ, ನಡುವಿನದೋ ಹಿಂದಿನದೋ.

"ನಿನ್ನ ಸೊಂಟ ಪಟ್ಟಣದ ಮೆಕ್ಯಾನಿಕ್‌ಗಿಂತ ಬುದ್ಧಿವಂತ ಅಕ್ಕಾ" ಅಂದಳು ವರ್ನಾ.

ಅವಳ ಗಂಡನ ಹತ್ತಿರವೂ ಇದೇ ಮಾದರಿಯ ಪಿಕಪ್ ಇದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಹಳೆಯ ಕಂಬಳಿ ಹಾಸಿಕೊಂಡು ಮೊದಲು ಅದರಡಿಗೆ, ಆಮೇಲೆ ಇದರಡಿಗೆ ನುಸುಳಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು ಎರಡು ತುಂಡಿನದು. ನಡುವೆ ಒಂದು ಬೇರಿಂಗ್ ಅದನ್ನು ಹೊತ್ತಿರುತ್ತದೆ, ಅಲ್ಲೇ ಒಂದು ತುಂಡಿನ ಹಲ್ಲು ಇನ್ನೊಂದರೊಳಗೆ ಕೂರುತ್ತದೆ. ವರ್ನಾಳ ಗಂಡನ ಗಾಡಿಯಲ್ಲಿ ಶಾಫ್ಟಿನ ಆ ತುದಿಯ ಕವಲೂ ಈ ತುದಿಯ ಕವಲೂ ಒಂದೇ ನೇರಕ್ಕಿವೆ. ನನ್ನದರಲ್ಲಿ ಒಂದು ನೆಟ್ಟಗಿದೆ, ಇನ್ನೊಂದು ಕತ್ತು ಉಳುಕಿದವರಂತೆ ವಾರೆ. ಬಿಚ್ಚಿದವರು ಗುರುತು ಮಾಡಿಕೊಳ್ಳದೆ ಎರಡು ಮೂರು ಹಲ್ಲು ಆಚೆಗೆ ಕೂರಿಸಿದ್ದಾರೆ. ಗೇರ್‌ಬಾಕ್ಸ್ ಇಳಿಸಲು ಶಾಫ್ಟು ಬಿಚ್ಚಲೇಬೇಕು. ಬಿಚ್ಚಿದವರು ಯಾರು? ರಸ್ತೆಯೇ?

ಇಷ್ಟು ದಿನ ವಾರೆಯಾಗಿ ತಿರುಗಿದ್ದಕ್ಕೆ ನಡುವಿನ ಬೇರಿಂಗಿನ ರಬ್ಬರು ಹರಿದು ನೇತಾಡುತ್ತಿದೆ. ಫೋಟೋ ತೆಗೆದುಕೊಂಡೆ. ವರ್ನಾ ನನ್ನ ಪಕ್ಕದಲ್ಲೇ ಅಂಗಾತ ಮಲಗಿ, "ಅಕ್ಕಾ, ನಿನ್ನ ಮುಖ ಈಗ ನೋಡಿದ್ರೆ ಆ ಡೇರನ್ ಊರು ಬಿಡ್ತಾನೆ" ಅಂದಳು. ನನ್ನ ಮುಖದ ಮೇಲೆ ಗ್ರೀಸ್ ಮೆತ್ತಿತ್ತು, ಅದಕ್ಕಿರಬೇಕು.

ಮಾರ್ಚ್ 29, ಶುಕ್ರವಾರ

ವರ್ನಾಳ ಗಂಡ ಹೇಳುತ್ತಾನೆ, ಬೇರಿಂಗ್ ತಂದುಕೊಟ್ಟರೆ ತಾನೇ ಹಾಕಿಕೊಡುತ್ತೇನೆ, ಅರ್ಧ ದಿನದ ಕೆಲಸ ಎಂದು. ನಾನು ಬೇಡವೆಂದೆ. ಕೆಡಿಸಿದವರು ಸರಿ ಮಾಡಲಿ. ಅವರ ಕೈಯಿಂದ, ಅವರ ಬೇರಿಂಗಿನಿಂದ.

ದೆಸ್ಬಾ ಅಜ್ಜಿ ಒಲೆಯ ಮುಂದೆ ರೊಟ್ಟಿ ಕರಿಯುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು: "ನಿನಗೆ ಬೇಕಾಗಿರೋದು ನೀರಾ, ಗೆಲುವಾ?"

"ಎರಡೂ."

"ಎರಡೂ ಬೇಕು ಅನ್ನೋಳು ಬೇಗ ಹೋಗಬೇಕು. ಕುರಿಗೆ ನಿನ್ನ ಗೆಲುವು ಕುಡಿಯೋಕೆ ಬರಲ್ಲ."

ಮಾತು ನಾಟಿತು. ಆದರೆ ಕೋಪ ಇಳಿಯಲಿಲ್ಲ. ಮೂವತ್ತರ ವೇಗದಲ್ಲಿ ನೀರು ಹೊರುತ್ತಿದ್ದೇನೆ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಏಪ್ರಿಲ್ 4, ಗುರುವಾರ

ಒಬ್ಬಳೇ ಹೋದೆ. ಹೆಚ್ಚೇನೂ ಮಾತಾಡಲಿಲ್ಲ.

ಡೇರನ್ ನನ್ನ ಹಿಂದೆ ಬಾಗಿಲ ಕಡೆ ನೋಡಿದ. "ಸರ್ ಬರಲಿಲ್ವಾ?"

"ಗಾಡಿ ಬಂದಿದೆ, ಗಾಡಿಯ ಒಡತಿ ಬಂದಿದ್ದಾಳೆ. ಇನ್ಯಾರು ಬೇಕು?"

"ಮೇಡಂ, ಅವತ್ತೇ ಹೇಳಿದ್ನಲ್ಲ, ಆ ರಸ್ತೆ..."

"ಬನ್ನಿ, ಗಾಡಿ ಹತ್ತಿ. ನಿಮ್ಮ ಬಾಗಿಲಲ್ಲಿರೋ ಹೆದ್ದಾರಿಯಲ್ಲೇ ಹೋಗೋಣ. ಅದೇನು ನಾವು ಮಾಡಿದ ರಸ್ತೆಯಲ್ಲವಲ್ಲ."

"ಗಿರಾಕಿಗಳ ಜೊತೆ ಹಾಗೆಲ್ಲ ಹೋಗೋ ಪದ್ಧತಿ ಇಲ್ಲ ನಮ್ಮಲ್ಲಿ."

"ಸರಿ, ಪದ್ಧತಿ ಶುರುವಾಗೋವರೆಗೂ ಕೂತಿರ್ತೀನಿ."

ಕೂತೆ. ಬೆಂಚಿನ ತುಂಬ ನಮ್ಮವರೇ, ನವಾಹೋ ಜನ. ಬೆಳ್ಳಿ ಬಕಲಿನ ಟೋಪಿ ಹಾಕಿದ ಒಬ್ಬ ಮುದುಕ ಎದ್ದು ಹೋಗಿ ಯಂತ್ರದಿಂದ ಕಾಫಿ ತಂದು ನನ್ನ ಕೈಗಿಟ್ಟ. ಊಟದ ಹೊತ್ತಾಯಿತು. ಡೇರನ್ ಊಟ ಮಾಡಿ ಬಂದ. ನಾನು ಅಲ್ಲೇ ಇದ್ದೆ. ಅವನು ತಲೆಯೆತ್ತಿದಾಗಲೆಲ್ಲ ನಾನು ಅವನನ್ನೇ ನೋಡುತ್ತಿದ್ದೆ. ಟೈರಿನ ಚಿತ್ರವನ್ನು ನಾನು ಮೊದಲೇ ಸಾಕಷ್ಟು ನೋಡಿದ್ದೆನಲ್ಲ.

ಕೊನೆಗೆ ಫೋನಿನ ತುಂಡು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟು, "ನಡೀರಿ" ಅಂದ.

ಐವತ್ತೈದಕ್ಕೆ ನಡುಕ ಶುರುವಾಯಿತು. ಅವನು ಬಾಗಿಲ ಹಿಡಿಕೆ ಹಿಡಿದುಕೊಂಡ. ನಾನು ಅರವತ್ತೈದಕ್ಕೆ ಏರಿಸಿದೆ. ನ್ಯೂಟ್ರಲ್‌ಗೆ ತಂದು ತೋರಿಸಿದೆ. ರಸ್ತೆ ಪಕ್ಕ ನಿಲ್ಲಿಸಿ ಎರಡು ಗಾಡಿಗಳ ಫೋಟೋ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದ.

"ಗುಂಡಿಗೆ ಬಿದ್ದು ಬಿದ್ದು ಹೀಗಾಗಿರಬಹುದು ಮೇಡಂ."

"ರಸ್ತೆಗೆ ಕೈಯಿದೆಯಾ?"

"ಏನು?"

"ಬೋಲ್ಟು ಬಿಚ್ಚಿ, ಶಾಫ್ಟು ಎಳೆದು, ಹಲ್ಲು ತಪ್ಪಿಸಿ ಮತ್ತೆ ಕೂರಿಸಿ, ಬೋಲ್ಟು ಬಿಗಿ ಮಾಡಿದ್ದಾರೆ ಯಾರೋ. ಅಷ್ಟೆಲ್ಲ ಮಾಡೋಕೆ ನಮ್ಮ ರಸ್ತೆಗೆ ಕೈಯಿದೆಯಾ ಅಂತ ಕೇಳಿದೆ. ಸ್ಪ್ಯಾನರ್ ಎಲ್ಲಿಂದ ತಂತು? ನಿಮ್ಮ ಅಂಗಡಿಯಿಂದಲೇ ಕದ್ದಿರಬೇಕು."

ಅವನು ಫೋಟೋಗಳನ್ನು ನನ್ನ ಕೈಗೆ ಹಿಂದಿರುಗಿಸಿದ. ವಾಪಸು ಬರುವಾಗ ಮೂವತ್ತರಲ್ಲೇ ಓಡಿಸಿದೆ, ಅವನ ಮುಖ ಸ್ವಲ್ಪ ಬಿಳುಚಿಕೊಂಡಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು ಬಂದೆ. ಬೇರಿಂಗ್ ತರಿಸಬೇಕಂತೆ. ವರ್ನಾ ಬಂದು ಕರೆದುಕೊಂಡು ಹೋದಳು. ಇಷ್ಟೇ ನಡೆದದ್ದು.

ಏಪ್ರಿಲ್ 6, ಶನಿವಾರ

ಗಾಡಿ ಇಲ್ಲ. ಅಜ್ಜಿಯ ತೊಟ್ಟಿಗೆ ನೀರಿಗೇನು ಗತಿ ಎಂದು ನಡೆದುಕೊಂಡು ಹೋದರೆ ತೊಟ್ಟಿ ತುಂಬಿತ್ತು. ಅಣ್ಣನ ಸಣ್ಣ ಗಾಡಿಯ ಚಕ್ರದ ಗುರುತು ದಿಬ್ಬದ ಮೇಲೆ ಹೋಗಿ ಬಂದು, ಹೋಗಿ ಬಂದು, ಜಡೆ ಹೆಣೆದಂತಿತ್ತು. ಡಬ್ಬಗಳಲ್ಲಿ ಹೊತ್ತಿದ್ದಾನೆ.

"ನಾನು ಬಂದಿದ್ದೆ ಅಂತ ಹೇಳಬೇಡ ಅಂದಿದ್ದಾನೆ" ಅಂದಳು ಅಜ್ಜಿ. "ಅದಕ್ಕೇ ನಾನು ಹೇಳ್ತಾ ಇಲ್ಲ."

ಏಪ್ರಿಲ್ 9, ಮಂಗಳವಾರ

ಗಾಡಿ ಸಿದ್ಧವಾಗಿದೆ ಎಂದು ಫೋನ್ ಬಂತು. ವರ್ನಾ ನನ್ನನ್ನು ಬಿಟ್ಟು ಹೋದಳು. ಕೀಲಿ ತೆಗೆದುಕೊಳ್ಳುವ ಮೊದಲು ಅಂಗಳದಲ್ಲಿ ಕಂಬಳಿ ಹಾಸಿ ಅಡಿಗೆ ನುಸುಳಿ ನೋಡಿದೆ. ಕವಲುಗಳು ಒಂದೇ ನೇರಕ್ಕಿದ್ದವು. ಬೇರಿಂಗ್ ಹೊಸದು.

ಡೇರನ್ ಕೀಲಿ ಚಾಚಿ, "ದುಡ್ಡೇನೂ ಬೇಡ ಮೇಡಂ. ಹಳೇ ಗಿರಾಕಿ ಅಂತ ಈ ಸಲ ಉಪಕಾರಕ್ಕೆ ಮಾಡಿಕೊಟ್ಟಿದ್ದೀವಿ" ಅಂದ.

ಅಲ್ಲಿಯವರೆಗೆ ನಾನು ಸಮಾಧಾನವಾಗಿಯೇ ಇದ್ದೆ.

"ಉಪಕಾರ ಅಲ್ಲ" ಅಂದೆ. "ಏನು ಕೆಟ್ಟಿತ್ತು, ಯಾರು ಕೆಡಿಸಿದ್ದು, ಅದನ್ನ ಹೇಳಿ. ಆಮೇಲೆ ಕೀಲಿ ತಗೋತೀನಿ."

ಅವನು ಕೌಂಟರಿನ ಮೇಲೆ ಬಾಗಿ, ನನಗೊಬ್ಬಳಿಗೆ ಕೇಳುವಂತೆ, ಜೋಡಿಸುವಾಗ ನಮ್ಮವರದ್ದು ಸ್ವಲ್ಪ ತಪ್ಪಾಗಿತ್ತು ಎಂದ.

"ರಸ್ತೆ ಕಾಯಿಲೆ ಅಂತ ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದ್ರೋ ಅಷ್ಟೇ ಗಟ್ಟಿಯಾಗಿ ಹೇಳಿ. ಆ ಮೂಲೇಲಿ ಕೂತಿರೋ ಅಜ್ಜನಿಗೆ ಕಿವಿ ಮಂದ."

ಟೋಪಿಯ ಮುದುಕ ಇವತ್ತೂ ಬಂದಿದ್ದ. ಅವನ ಕಿವಿ ನೆಟ್ಟಗಿದೆಯೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ಆಂ? ಏನಂದ್ರು?" ಎಂದ.

ಡೇರನ್ ಕೆಂಪಗಾದ. ಹಿಂದಿನ ಬಾಗಿಲಲ್ಲಿ ಮೆಕ್ಯಾನಿಕ್‌ಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊನೆಗೆ ಹೇಳಿದ, ಎಲ್ಲರಿಗೂ ಕೇಳುವಂತೆ: "ಶಾಫ್ಟು ನಾವು ತಪ್ಪಾಗಿ ಜೋಡಿಸಿದ್ವಿ. ರಸ್ತೆಯಿಂದ ಆದದ್ದಲ್ಲ. ಕ್ಷಮಿಸಿ."

ಚಕ್ರಕ್ಕೆ ಕೊಟ್ಟ ದುಡ್ಡನ್ನೂ ಕೇಳಿ ಇಸಿದುಕೊಂಡೆ. ಮುದುಕ ಎದ್ದು ಕೌಂಟರಿಗೆ ನಡೆದ. "ನನ್ನ ಗಾಡಿಗೂ ರಸ್ತೆ ಅಂದಿದ್ರಲ್ಲ ತಮ್ಮಾ. ಇನ್ನೊಂದು ಸಲ ನೋಡ್ತೀರಾ?" ಅವನ ಹಿಂದೆ ಇನ್ನೊಬ್ಬಳು ಎದ್ದಳು.

ಏಪ್ರಿಲ್ 11, ಗುರುವಾರ

ಟ್ಯಾಂಕು ತುಂಬಿ, ಅರವತ್ತರ ವೇಗ, ಒಂದು ಚೂರೂ ನಡುಕವಿಲ್ಲ. ಅಜ್ಜಿ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೊಡೆದಳು. ಸುಸ್ತಾಗಿ ಮಲಗಿದ್ದ ಆ ಚಿಕ್ಕ ಮರಿ ಬದುಕಿದೆ. ನನ್ನ ಲಂಗ ಜಗಿಯಿತು.

ಏಪ್ರಿಲ್ 20, ಶನಿವಾರ

ಅಣ್ಣ ಕುರಿಯ ಪಕ್ಕೆಲುಬು ತಂದ. ನಾನು ಕ್ಷಮೆ ಕೇಳಿದೆ. ಅವನು ಕೇಳಿಸದವನಂತೆ ಉಪ್ಪು ಕೇಳಿದ. ಆಮೇಲೆ, "ಪಟ್ಟಣದಲ್ಲಿ ಒಬ್ಬಳು ಹೆಂಗಸಂತೆ, ಗ್ಯಾರೇಜಿನೋನ್ನ ಗಾಡೀಲಿ ಕೂರಿಸಿ ವಾಂತಿ ಬರೋ ಹಂಗೆ ಸುತ್ತಿಸಿದಳಂತೆ. ನಿನಗೇನಾದ್ರೂ ಗೊತ್ತಾ?" ಅಂದ.

ಜನ ಎಷ್ಟು ಉಪ್ಪು ಖಾರ ಹಚ್ಚುತ್ತಾರೆ!

ಮೇ 3, ಶುಕ್ರವಾರ

ಟೋಪಿಯ ಮುದುಕನ ಮಗಳು ಫೋನ್ ಮಾಡಿದ್ದಳು. ಮಂಗಳವಾರ ಆಸ್ಪತ್ರೆಗೆ ಅಪ್ಪನ ಜೊತೆ ಬರುತ್ತೀರಾ, ಅಲ್ಲಿ ಅಪ್ಪ ಹೇಳುವುದನ್ನು ಯಾರೂ ಕೇಳುವುದಿಲ್ಲ ಎಂದು. ಅದಕ್ಕೆ ನಾನೇಕೆ? ನನ್ನ ನಂಬರ್ ಅವಳಿಗೆ ಕೊಟ್ಟದ್ದು ಯಾರು? ವರ್ನಾಳನ್ನು ವಿಚಾರಿಸಿಕೊಳ್ಳಬೇಕು.

ಬರುತ್ತೇನೆ ಎಂದಿದ್ದೇನೆ. ಹೋಗಿ ಕೂತು ಬಂದರಾಯಿತು.

ಮೇ 12, ಭಾನುವಾರ

ವಿಲ್ಫರ್ಡ್ ಮನೆಗೆ ಬಂದಿದ್ದಾನೆ. ಅವನ ಮೇಸ್ತ್ರಿ ಮೂರು ತಿಂಗಳಿನಿಂದ ರಜೆ ಮುಂದಕ್ಕೆ ಹಾಕುತ್ತಲೇ ಇದ್ದನಂತೆ. ಕಾಫಿ ಕುಡಿಯುತ್ತ, ಆ ಕಡೆ ಈ ಕಡೆ ನೋಡಿ, "ನೀನೊಂದು ಮಾತು ಅವನ ಜೊತೆ ಫೋನಲ್ಲಿ..." ಎಂದು ಶುರು ಮಾಡಿದ.

"ಸುಮ್ನಿರು ಅಂದಿದ್ದೋರು ಯಾರು?" ಅಂದೆ. ನಗುತ್ತ ಲೋಟ ತೊಳೆಯಲು ಹೋದ.

ಮೇ 19, ಭಾನುವಾರ

ಸಮುದಾಯ ಭವನದ ಸಭೆ. ನಲ್ಲಿಗೆ ಭಾನುವಾರ ಬೀಗ ಹಾಕುವ ನಿರ್ಧಾರ ಬಂದಿತ್ತು. ಎಲ್ಲರೂ ಗೊಣಗುತ್ತಿದ್ದರು, ಯಾರೂ ಏಳಲಿಲ್ಲ. ಹಿಂದಿನಿಂದ ಯಾರೋ "ಅರ್ಲೀನ್ ಮಾತಾಡ್ಲಿ" ಅಂದರು. ದೆಸ್ಬಾ ಅಜ್ಜಿ ಮೊಣಕೈಯಿಂದ ತಿವಿದಳು. ನನಗೆ ಸಿಟ್ಟು ಬಂತು. ನಾನು ಸಭೆಯಲ್ಲಿ ಮಾತಾಡುವವಳಲ್ಲ. ಎದ್ದು ನಿಂತು ಅದನ್ನೇ ಅವರಿಗೆ ಹೇಳಿದೆ. ಹೇಗೂ ಎದ್ದಿದ್ದೆನಲ್ಲ, ಬೀಗದ ವಿಷಯವನ್ನೂ ಹೇಳಿ ಮುಗಿಸಿ ಕೂತೆ.

ನಲ್ಲಿ ಭಾನುವಾರವೂ ತೆರೆದಿರುತ್ತದೆ. ಬರೆಯಲು ಬೇರೇನೂ ಇಲ್ಲ.